ಆಣೆಯೂ ಲೆಕ್ಕವೂ

ಲಂಚದ ಆರೋಪ ಹೊತ್ತ ಅಧಿಕಾರಸ್ಥರು ‘ದೇವರ ಮುಂದೆ ಆಣೆ ಮಾಡಲು ಸಿದ್ಧ’ ಎಂದಾಗ ಅವರು ಉತ್ತರ ಕೊಡುತ್ತಿರುವುದು ಯಾರಿಗೆ? ಇದು ಧರ್ಮಕ್ಕೂ ರಾಜಕಾರಣಕ್ಕೂ ಒಟ್ಟಿಗೆ ಸೇರಿದ ಪ್ರಶ್ನೆ. ಆರೋಪ ಎತ್ತಿದವರು ಜನ, ಹೋಗಿದೆ ಎನ್ನಲಾದ ಹಣವೂ ಜನರದೇ. ಉತ್ತರ ಮಾತ್ರ ಗರ್ಭಗುಡಿಯ ಕಡೆಗೆ ಮುಖಮಾಡುತ್ತದೆ. ಮೊಬೈಲಿನಲ್ಲಿ ದಿನವೂ ಹರಿದಾಡುವ ರಾಜಕೀಯ ವಾಗ್ವಾದಗಳಲ್ಲಿ ಎರಡು ಮಾತುಗಳು ತಪ್ಪದೆ ಕಾಣಿಸುತ್ತವೆ: ‘ತಾಕತ್ತಿದ್ದರೆ ಧರ್ಮಸ್ಥಳಕ್ಕೆ ಬಂದು ಆಣೆ ಮಾಡಲಿ’ ಎಂಬುದು ಒಂದು, ‘ಕರ್ಮ ಯಾರನ್ನೂ ಬಿಡಲ್ಲ’ ಎಂಬುದು ಇನ್ನೊಂದು. ಮೊದಲನೆಯದು ದೇವರನ್ನು ಸಾಕ್ಷಿಯಾಗಿ ಕರೆಯುತ್ತದೆ, ಎರಡನೆಯದು ನ್ಯಾಯಾಧೀಶನಾಗಿ. ಎರಡರಲ್ಲೂ ಲೆಕ್ಕ ಕೇಳುವ ಕೆಲಸ ಮನುಷ್ಯರ ಕೈಯಿಂದ ಜಾರಿಹೋಗುತ್ತದೆ.

ಕರ್ನಾಟಕದ ಇತ್ತೀಚಿನ ಇತಿಹಾಸದಲ್ಲಿ ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದುರಾದದ್ದು 2011ರಲ್ಲಿ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಮೇಲೆ ಎಚ್.ಡಿ. ಕುಮಾರಸ್ವಾಮಿ ಭ್ರಷ್ಟಾಚಾರದ ಆರೋಪಗಳನ್ನು ಮಾಡುತ್ತಿದ್ದರು. ಆರೋಪ ಕೈಬಿಡುವಂತೆ ತಮ್ಮ ಬಳಿಗೆ ಸಂಧಾನಕ್ಕೆ ಜನ ಕಳಿಸಲಾಗಿತ್ತೆಂದೂ ಹೇಳಿದರು. ಅದನ್ನು ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಮಾಡಿ ಹೇಳಲಿ ಎಂದು ಮುಖ್ಯಮಂತ್ರಿ ಬಹಿರಂಗ ಪತ್ರದಲ್ಲಿ ಸವಾಲು ಹಾಕಿದರು, ಎದುರಾಳಿ ಒಪ್ಪಿದರು. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಬಂದರು, ದೇವರಿಗೆ ಕೈಮುಗಿದರು. ಎಲ್ಲರೂ ಕಾದಿದ್ದ ಬಹಿರಂಗ ಆಣೆ ಮಾತ್ರ ನಡೆಯಲಿಲ್ಲ. ಸರಿಯಾಗಿ ಒಂದು ತಿಂಗಳ ಮೇಲೆ, ಜುಲೈ 27ರಂದು, ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂಬ ಅಂದಾಜು ಅದರಲ್ಲಿತ್ತು. ಜುಲೈ 31ಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಐದು ವರ್ಷಗಳ ನಂತರ, 2016ರ ಅಕ್ಟೋಬರಿನಲ್ಲಿ, ಗಣಿ ಕಂಪನಿಯಿಂದ ಕಿಕ್‌ಬ್ಯಾಕ್ ಪಡೆದ ಆರೋಪದ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ದೋಷಮುಕ್ತರೆಂದು ಘೋಷಿಸಿತು.

ಆಣೆ, ವರದಿ, ತೀರ್ಪು ಈ ಮೂರರ ಸ್ವರೂಪ ಬೇರೆ ಬೇರೆ. ವರದಿಯನ್ನು ಯಾರಾದರೂ ಓದಬಹುದು, ಅದರ ಅಂಕಿಗಳನ್ನು ಒಪ್ಪದಿರಬಹುದು. ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿ ಹೋಗಬಹುದು. ಆಣೆಯ ಮೇಲೆ ಮೇಲ್ಮನವಿ ಇಲ್ಲ. ಅಂದು ಆಣೆ ನಡೆದೇಬಿಟ್ಟಿದ್ದರೂ ಅದಿರಿನ ಲಾರಿಗಳು ಎಷ್ಟು ಹೋದವು, ಪರ್ಮಿಟ್ ಯಾರು ಕೊಟ್ಟರು, ಹಣ ಯಾವ ಖಾತೆಗೆ ಬಂತು ಎಂಬುದು ತಿಳಿಯುತ್ತಿರಲಿಲ್ಲ. ಆಣೆಯ ವಿಷಯವೂ ಗಣಿಯಾಗಿರಲಿಲ್ಲ, ಸಂಧಾನಕ್ಕೆ ಯಾರು ಯಾರನ್ನು ಕಳಿಸಿದರು ಎಂಬುದಾಗಿತ್ತು. ಲೆಕ್ಕದ ಪ್ರಶ್ನೆ ಮಾನದ ಪ್ರಶ್ನೆಯಾಗಿ ಬದಲಾದದ್ದನ್ನು ಆ ವಾರಗಳಲ್ಲಿ ಗಮನಿಸಿದವರು ಕಡಿಮೆ.

ಆಣೆಗೆ ಇಷ್ಟು ಬಲ ಎಲ್ಲಿಂದ ಬಂತೆಂಬುದನ್ನು ದಾಬಸ್‌ಪೇಟೆಯ ಆಸುಪಾಸಿನಲ್ಲಿ ನೋಡಬಹುದು. ಬೆಂಗಳೂರು–ತುಮಕೂರು ಹೆದ್ದಾರಿಯ ಮೇಲಿನ ಈ ಊರು ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಗೆ ಸೇರಿದ್ದು. ಊರಿಗೆ ಹತ್ತಿರದಲ್ಲೇ ಶಿವಗಂಗೆ ಬೆಟ್ಟ. ಬೆಟ್ಟದ ದಾರಿಯಲ್ಲಿ ಒಳಕಲ್ಲು ತೀರ್ಥವಿದೆ: ಬಂಡೆಯೊಳಗಿನ ಕುಳಿಗೆ ಭಕ್ತರು ತೋಳು ಇಳಿಬಿಡುತ್ತಾರೆ, ಪುಣ್ಯವಂತರ ಕೈಗೆ ನೀರು ಸಿಗುತ್ತದೆ ಎಂಬ ನಂಬಿಕೆ ತಲೆತಲಾಂತರದಿಂದ ಬಂದಿದೆ. ನೀರು ಸಿಗದವರು ಮುಖ ಸಣ್ಣದು ಮಾಡಿಕೊಂಡು ಇಳಿಯುತ್ತಾರೆ, ಜೊತೆಯವರು ನಗುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಕೈಗೆ ನೀರು ಸಿಕ್ಕಿತೆಂದು ಯಾರೂ ಯಾರ ಸಾಲವನ್ನೂ ಮನ್ನಾ ಮಾಡಿಲ್ಲ. ಒಳಗಿನ ಶುದ್ಧಿಯನ್ನು ದೈವ ಪರೀಕ್ಷಿಸುತ್ತದೆ ಎಂಬ ಭಾವನೆಗೂ ಹೊರಗಿನ ವ್ಯವಹಾರವನ್ನು ಮನುಷ್ಯರು ಪರೀಕ್ಷಿಸಬೇಕು ಎಂಬ ಪದ್ಧತಿಗೂ ಅಲ್ಲಿ ಜಗಳವಿಲ್ಲ. ಜಗಳ ಬರುವುದು ಮೊದಲನೆಯದನ್ನು ತೋರಿಸಿ ಎರಡನೆಯದರಿಂದ ತಪ್ಪಿಸಿಕೊಳ್ಳಲು ಹೊರಟಾಗ.

ದಾಬಸ್‌ಪೇಟೆಯ ಹೆಸರಿನ ಹಿಂದಿರುವ ಕಾಲವೂ ಇದೇ ಪ್ರಶ್ನೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಈ ಪೇಟೆಗೆ ಬಂದಿದೆ. ಬ್ರಿಟಿಷ್ ಕಮಿಷನರ್ ಆಡಳಿತ ಬರಲು ನೆಪವಾದದ್ದು 1830–31ರ ನಗರ ಸೀಮೆಯ ದಂಗೆ. ದಂಗೆಗೆ ಹೇಳಲಾದ ಕಾರಣಗಳಲ್ಲಿ ‘ಶರತ್ತು’ ಪದ್ಧತಿ ಮುಖ್ಯವಾದದ್ದು. ತಾಲ್ಲೂಕಿನ ಅಮಲ್ದಾರ ಇಂತಿಷ್ಟು ಕಂದಾಯ ತರುತ್ತೇನೆಂದು ಮೊದಲೇ ಮುಚ್ಚಳಿಕೆ ಬರೆದುಕೊಡುತ್ತಿದ್ದ. ಕಡಿಮೆ ಬಿದ್ದರೆ ತಾನೇ ತುಂಬಬೇಕು, ಹೆಚ್ಚಾದರೆ ಸರ್ಕಾರಕ್ಕೆ ಕಟ್ಟಬೇಕು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹೇರುವುದಿಲ್ಲ ಎಂಬ ಮಾತೂ ಅದೇ ಮುಚ್ಚಳಿಕೆಯಲ್ಲಿ ಇರುತ್ತಿತ್ತು. ಮೊದಲ ಭಾಗಕ್ಕೆ ಹುಜೂರಿನಲ್ಲಿ ಪೈಸೆಪೈಸೆಗೂ ಲೆಕ್ಕ ಕೇಳುವವರಿದ್ದರು. ಎರಡನೆಯ ಭಾಗ ಬರೀ ಶಾಸ್ತ್ರಕ್ಕೆ. ರೈತ ಪ್ರಶ್ನಿಸಬಹುದಾದ ಕಡೆಯೇ ಇರಲಿಲ್ಲ. ಅಮಲ್ದಾರನಿಗೆ ಉತ್ತರದಾಯಿತ್ವ ಇರಲಿಲ್ಲವೆಂದು ಹೇಳಲಾಗದು. ಅದು ಮೇಲ್ಮುಖವಾಗಿತ್ತು, ಅಷ್ಟೆ. ದೇವರ ಆಣೆಯನ್ನು ಸಾರ್ವಜನಿಕ ಉತ್ತರದ ಬದಲಿಗೆ ತಂದಾಗಲೂ ಆಗುವುದು ಹೀಗೆಯೇ: ಭಾರ ಹೊತ್ತವರನ್ನು ಬಿಟ್ಟು ಇನ್ನೂ ಮೇಲಿನವನಿಗೆ ಉತ್ತರ ಸಲ್ಲುತ್ತದೆ.

ಆಣೆಯನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸುವವರು ಸಂಪ್ರದಾಯವನ್ನೇ ತೆರೆದು ನೋಡಿದರೆ ಬೇರೆ ಮಾತು ಸಿಗುತ್ತದೆ. ಹಿಂದೂ ವ್ಯವಹಾರಶಾಸ್ತ್ರದ ಬಹುಮಾನ್ಯ ಗ್ರಂಥಗಳಲ್ಲಿ ಒಂದಾದ ಮಿತಾಕ್ಷರ ಹುಟ್ಟಿದ್ದು ಕನ್ನಡ ನೆಲದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಅದರ ಪ್ರಕಾರ ವಿವಾದದಲ್ಲಿ ಪುರಾವೆಯೆಂದರೆ ಬರಹ, ಅನುಭೋಗ, ಸಾಕ್ಷಿಗಳು. ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯ, ಅಂದರೆ ದೈವಪರೀಕ್ಷೆ. ತಕ್ಕಡಿ, ಬೆಂಕಿ, ನೀರು, ವಿಷ, ದೇವರ ಅಭಿಷೇಕದ ನೀರು ಕುಡಿಯುವ ಕೋಶ ಎಂಬ ಐದು ದಿವ್ಯಗಳನ್ನು ಸ್ಮೃತಿ ಹೆಸರಿಸುತ್ತದೆ. ಅವುಗಳಿಗೆ ಕೊಟ್ಟಿರುವ ಜಾಗ ಕೊನೆಯದು. ದಾಖಲೆ ಇರುವ ವ್ಯವಹಾರದಲ್ಲಿ ದೈವವನ್ನು ಕರೆಯುವುದು ಆ ಶಾಸ್ತ್ರದ ಲೆಕ್ಕದಲ್ಲೇ ಅಕ್ರಮ. ಇಂದಿನ ಸರ್ಕಾರಿ ಹಣ ದಾಖಲೆಯಿಲ್ಲದೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು, ಚೆಕ್ಕು ಎಲ್ಲವೂ ಬರಹವೇ. ಅಂಥ ಕಡೆ ಆಣೆಗೆ ಕರೆಯುವವರು ಒಂಬೈನೂರು ವರ್ಷಗಳ ಹಿಂದಿನ ಪಂಡಿತನಿಗಿಂತ ಹಿಂದೆ ಉಳಿದಿದ್ದಾರೆ ಎನ್ನಬೇಕಾಗುತ್ತದೆ.

ಬ್ರಿಟಿಷರ ಕಾಲದ ಕಾನೂನು ಆಣೆಗೆ ಸ್ವಲ್ಪ ಜಾಗ ಉಳಿಸಿತ್ತು. ಎದುರಾಳಿ ವಿಶೇಷ ಆಣೆ ಮಾಡಿ ಹೇಳಿದರೆ ಅದಕ್ಕೆ ಬದ್ಧನಾಗುತ್ತೇನೆಂದು ಕಕ್ಷಿದಾರನೊಬ್ಬ ಒಪ್ಪಿದರೆ ಆ ಹೇಳಿಕೆ ಅವನ ಮಟ್ಟಿಗೆ ಅಂತಿಮ ಸಾಕ್ಷ್ಯವಾಗಲು 1873ರ ಆಣೆ ಕಾಯ್ದೆ ಅವಕಾಶ ಕೊಟ್ಟಿತ್ತು. 1969ರ ಹೊಸ ಕಾಯ್ದೆ ಅದನ್ನು ಕೈಬಿಟ್ಟಿತು. ಧರ್ಮಸ್ಥಳದಲ್ಲೂ ನಂಬಿಕೆ ಬರೀ ಆಣೆಯ ಮೇಲೆ ನಿಂತಿಲ್ಲ. ‘ಹೊಯ್ಲು’ ಎಂದು ಕರೆಯುವ ಅಲ್ಲಿನ ನ್ಯಾಯತೀರ್ಮಾನದಲ್ಲಿ ಕ್ಷೇತ್ರದ ಧರ್ಮಾಧಿಕಾರಿ ಹೆಗ್ಗಡೆಯವರು ಎರಡೂ ಕಡೆಯವರನ್ನು ಕರೆಸಿ ಮಾತು ಕೇಳುವ ಪರಂಪರೆ ಇದೆ. ದೈವಭಯ ಅಲ್ಲಿ ಸತ್ಯ ಹೇಳಿಸುವ ಒತ್ತಡ ಮಾತ್ರ; ವಿಚಾರಣೆಯನ್ನು ಅದು ರದ್ದು ಮಾಡುವುದಿಲ್ಲ. ರಾಜಕಾರಣಿಗಳು ಆ ಕ್ಷೇತ್ರದಿಂದ ಎರವಲು ಪಡೆದದ್ದು ಭಯದ ಭಾಗವನ್ನು. ವಿಚಾರಣೆಯನ್ನು ಅಲ್ಲೇ ಬಿಟ್ಟುಬಂದರು.

ವಿಜ್ಞಾನೇಶ್ವರನ ನಂತರದ ತಲೆಮಾರುಗಳಲ್ಲಿ ಸರ್ಕಾರಿ ಹಣದ ಆರೋಪ ಎದುರಿಸಿದವರು ಬಸವಣ್ಣ. ಅವರು ಬಿಜ್ಜಳನ ಭಂಡಾರಿ. ರಾಜನ ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಕೊಂಡೆಯರು ದೂರುತ್ತಾರೆ. ಹರಿಹರನ ‘ಬಸವರಾಜದೇವರ ರಗಳೆ’ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಭಂಡಾರ ತೆರೆದು ನೋಡಿದಾಗ ಹಣ ಕಡಿಮೆಯಾಗಿರುವುದಿಲ್ಲ. ಹರಿಹರ ಅದನ್ನು ಶಿವನ ಮಹಿಮೆಯಾಗಿ ಕಾಣಿಸುತ್ತಾನೆ, ಭಕ್ತರಿಗೆ ಅದು ಪವಾಡ. ಪವಾಡವನ್ನು ನಂಬುವವರೂ ನಂಬದವರೂ ಒಂದು ಸಂಗತಿಯನ್ನು ಒಪ್ಪಬಹುದು: ಕಥೆಯ ನಡುವಿನಲ್ಲಿರುವ ಕ್ರಿಯೆ ಎಣಿಕೆ. ಅಷ್ಟು ದೊಡ್ಡ ಭಕ್ತನೂ ತನ್ನ ಭಕ್ತಿಯನ್ನು ಲೆಕ್ಕದ ಬದಲಿಗೆ ಮುಂದಿಡುವುದಿಲ್ಲ. ಶಿವ ಸಹಾಯ ಮಾಡಿದರೂ ಅದು ಲೆಕ್ಕ ಸರಿಹೊಂದುವ ರೂಪದಲ್ಲೇ ಬರಬೇಕಾಗುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ಇನ್ನೂ ಸೂಕ್ಷ್ಮ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವವನು. ಒಂದು ದಿನ ಎಂದಿಗಿಂತ ಹೆಚ್ಚು ತರುತ್ತಾನೆ. ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸುತ್ತಾಳೆ. ಅಕ್ಕಿ ಕದ್ದದ್ದಲ್ಲ, ಉದ್ದೇಶವೂ ದಾಸೋಹವೇ. ಆದರೂ ದುಡಿಮೆಗೆ ಮೀರಿ ಮನೆಗೆ ಬಂದದ್ದನ್ನು ಆಕೆ ಪ್ರಶ್ನಿಸುತ್ತಾಳೆ. ಆದಾಯಕ್ಕೆ ಮೀರಿದ ಆಸ್ತಿ ಎಂಬ ಇಂದಿನ ಕಾನೂನಿನ ಕಲ್ಪನೆ ಇದಕ್ಕೆ ಬಹಳ ಹತ್ತಿರ: ಹೇಗೆ ಕದ್ದೆ ಎಂದು ಕೇಳುವುದಕ್ಕಿಂತ ಎಲ್ಲಿಂದ ಬಂತು ಎಂದು ಕೇಳುವುದು. ವ್ಯತ್ಯಾಸವೆಂದರೆ ಕೇಳುವವರು ಮನೆಯೊಳಗಿನವರು. ಲೋಕಾಯುಕ್ತ ದಾಳಿಗಳಲ್ಲಿ ಆಸ್ತಿ ಸಿಗುವುದು ಬಹಳ ಸಲ ಮನೆಯವರ ಹೆಸರಿನಲ್ಲೇ.

ಕರ್ಮಸಿದ್ಧಾಂತದ ತೊಡಕು ಬೇರೆ ಬಗೆಯದು. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಕೆಲಸ ಮಾಡುವವನಿಗೆ ಎಚ್ಚರಿಕೆಯಾಗಿ ಹುಟ್ಟಿದ್ದು. ನೋಡುವವರ ಬಾಯಲ್ಲಿ ಅದೇ ಸಮಾಧಾನವಾಗುತ್ತದೆ. ಲಂಚ ತಿಂದವನು ಎಂದೋ ಅನುಭವಿಸುತ್ತಾನೆ ಎಂದು ಬಿಟ್ಟುಕೊಟ್ಟರೆ, ಲಂಚ ಕೊಡಲಾಗದೆ ಜಮೀನಿನ ಪೋಡಿ ಆಗದೆ ಉಳಿದ ರೈತನೂ ತನ್ನ ಹಿಂದಿನ ಕರ್ಮ ಅನುಭವಿಸುತ್ತಿದ್ದಾನೆ ಎನ್ನಬೇಕಾಗುತ್ತದೆ. ಒಂದೇ ಸಿದ್ಧಾಂತ ತಪ್ಪಿತಸ್ಥನ ಶಿಕ್ಷೆಯನ್ನು ಮುಂದೂಡಿ, ನೊಂದವನ ನೋವಿಗೆ ಈಗಲೇ ಕಾರಣ ಒದಗಿಸುತ್ತದೆ. ಕರ್ಮವಾದಿಗಳಲ್ಲಿ ಗಂಭೀರರಾದವರು ಇದನ್ನು ಒಪ್ಪುವುದಿಲ್ಲ. ಅನ್ಯಾಯ ಕಂಡು ಸುಮ್ಮನಿರುವುದೂ ಒಂದು ಕರ್ಮ, ಅದಕ್ಕೂ ಫಲವಿದೆ ಎಂಬುದು ಅವರ ಉತ್ತರ. ಆ ಅರ್ಥದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕುವುದೂ ಕರ್ಮದ ಒಳಗಿನದೇ.

ಭೂಮಿಯ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಕೈಗಾರಿಕಾ ಪ್ರದೇಶ, ಹೆದ್ದಾರಿ, ದೊಡ್ಡಬಳ್ಳಾಪುರದ ಕಡೆಗೆ ಹೊರಟ ಸ್ಯಾಟಲೈಟ್ ರಿಂಗ್ ರಸ್ತೆ ಎಲ್ಲವೂ ಕೂಡುವ ದಾಬಸ್‌ಪೇಟೆಯಂಥ ಊರಿನಲ್ಲಿ ಗುಂಟೆಯ ಬೆಲೆ ಏರಿದಷ್ಟೂ ಪಹಣಿ, ಖಾತೆ, ಹದ್ದುಬಸ್ತು, ಪೋಡಿ, ಭೂಪರಿವರ್ತನೆ ಎಂಬ ಒಂದೊಂದು ಕಾಗದದ ಬೆಲೆಯೂ ಏರುತ್ತದೆ. ಎರಡು ಎಕರೆ ರಾಗಿ ಹೊಲದ ದಾಖಲೆ ಆರು ತಿಂಗಳು ತಡವಾದರೆ ಹಿಂದೆ ಅಷ್ಟೇನೂ ನಷ್ಟವಿರಲಿಲ್ಲ. ಪರಿಹಾರದ ಹಣ ಕಾದಿರುವಾಗ ಒಂದೊಂದು ವಾರಕ್ಕೂ ಬೆಲೆ ಕಟ್ಟಬಹುದು. ‘ಮಾಮೂಲು’ ಹುಟ್ಟುವುದು ಆ ತಡದಲ್ಲಿ. ಸೇವೆ ಇಂತಿಷ್ಟು ದಿನದೊಳಗೆ ಸಿಗಬೇಕೆಂದು ಬಂದ 2011ರ ಸಕಾಲ ಕಾಯ್ದೆ ತಡವನ್ನೇ ಗುರಿಯಾಗಿಸಿಕೊಂಡಿತು. ಅಧಿಕಾರಿಯ ಮನಸ್ಸನ್ನು ತಿದ್ದಲು ಹೋಗದೆ ದಿನ ಎಣಿಸುವ ಕಾಯ್ದೆ ಅದು.

ಆಣೆಯ ಅತ್ಯಂತ ವಿಚಿತ್ರ ಬಳಕೆ ಚುನಾವಣೆಯದು. ಹಳೆ ಮೈಸೂರು ಕಡೆಯ ಚುನಾವಣೆಗಳಲ್ಲಿ ಮತಕ್ಕೆ ಹಣ ಹಂಚುವಾಗ ದೇವರ ಫೋಟೋ ಮುಟ್ಟಿಸಿ ಆಣೆ ಹಾಕಿಸಿಕೊಳ್ಳುವುದು, ಪುಣ್ಯಕ್ಷೇತ್ರಕ್ಕೆ ಬಸ್ಸು ಕಟ್ಟಿಸಿ ಅಲ್ಲಿ ಮಾತು ತೆಗೆದುಕೊಳ್ಳುವುದು ಮತ್ತೆಮತ್ತೆ ಸುದ್ದಿಯಾಗಿವೆ. ಲಂಚದ ಒಪ್ಪಂದವನ್ನು ಯಾವ ಕೋರ್ಟೂ ಜಾರಿ ಮಾಡಿಕೊಡುವುದಿಲ್ಲವಾದ್ದರಿಂದ ಆ ಕೆಲಸಕ್ಕೆ ದೇವರನ್ನು ನೇಮಿಸಲಾಗುತ್ತದೆ. ‘ದುಡ್ಡು ತಗೊಂಡು ಆಣೆ ಮಾಡಿದೀವಿ, ಮಾತು ತಪ್ಪಿದ್ರೆ ಮಕ್ಕಳಿಗೆ ಒಳ್ಳೇದಾಗಲ್ಲ’ ಎಂಬುದು ಬಡ ಮತದಾರರ ನಿಜವಾದ ಅಂಜಿಕೆ. ಇಲ್ಲಿ ಪ್ರಾಮಾಣಿಕತೆಯೇ ಭ್ರಷ್ಟಾಚಾರದ ಆಳಾಗಿ ದುಡಿಯುತ್ತದೆ.

ಕೆಟ್ಟ ಕೆಲಸಕ್ಕೆ ಮಾಡಿದ ಆಣೆ ಕಟ್ಟಿಹಾಕುತ್ತದೆಯೇ ಎಂಬುದನ್ನು ಮಹಾಭಾರತದ ಕರ್ಣಪರ್ವ ನೇರವಾಗಿ ಎತ್ತಿಕೊಂಡಿದೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರ ತಲೆ ತೆಗೆಯುತ್ತೇನೆಂದು ಅರ್ಜುನ ವ್ರತ ಮಾಡಿದ್ದ. ಆ ಮಾತನ್ನು ಯುಧಿಷ್ಠಿರನೇ ಆಡಿದಾಗ ಕತ್ತಿ ಹಿರಿಯುತ್ತಾನೆ. ಕೃಷ್ಣ ಅವನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದ ಕೌಶಿಕ, ಕಳ್ಳರಿಗೆ ಹೆದರಿ ಓಡಿ ಅಡಗಿದವರ ಜಾಗವನ್ನು ಕೇಳಿದ ಕಳ್ಳರಿಗೇ ತೋರಿಸಿ, ಅವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋಗುತ್ತಾನೆ. ಕೊಟ್ಟ ಮಾತಿಗಿಂತ ಮಾತಿನಿಂದಾಗುವ ಹಾನಿಯನ್ನು ತೂಗಬೇಕೆಂಬುದು ಆ ಪ್ರಸಂಗದ ವಾದ. ಮತದಾರರ ಸಂಕಟಕ್ಕೆ ಇದಕ್ಕಿಂತ ಹತ್ತಿರದ ಶಾಸ್ತ್ರೀಯ ಉತ್ತರ ಸಿಗುವುದು ಕಷ್ಟ. ಕಾನೂನಿನ ನಿಲುವೂ ಅದೇ: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಡಿ ಲಂಚ ಭ್ರಷ್ಟಾಚರಣೆ. ದೈವದ ಅವಕೃಪೆಗೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದೂ ಅದೇ ಕಲಮಿನಡಿ ಬೇರೆಯದೇ ಭ್ರಷ್ಟಾಚರಣೆ. ಆಣೆ ಹಾಕಿಸಿ ಹಣ ಕೊಟ್ಟವರು ಎರಡನ್ನೂ ಒಟ್ಟಿಗೆ ಮಾಡುತ್ತಾರೆ.

ಹುಂಡಿಗೆ ಬೀಳುವ ಹಣದ ಪ್ರಶ್ನೆ ಚಿಕ್ಕದು, ಆದರೆ ಬಿಡುವಂತಿಲ್ಲ. ಗಾಲಿ ಜನಾರ್ದನ ರೆಡ್ಡಿ ಅವರು 2009ರಲ್ಲಿ ತಿರುಮಲದ ದೇವರಿಗೆ 40 ಕೋಟಿ ರೂಪಾಯಿಗೂ ಮಿಕ್ಕಿದ ಬೆಲೆಯ ವಜ್ರದ ಕಿರೀಟ ಅರ್ಪಿಸಿದರು. 2011ರ ಸೆಪ್ಟೆಂಬರಿನಲ್ಲಿ ಸಿಬಿಐ ಅವರನ್ನು ಬಂಧಿಸಿತು. 2025ರ ಮೇ ತಿಂಗಳಲ್ಲಿ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು, ಮುಂದಿನ ತಿಂಗಳು ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಕಿರೀಟದ ಹಣದ ಮೂಲವನ್ನು ದೇಗುಲ ವಿಚಾರಿಸಬೇಕಿತ್ತೇ ಎಂಬುದಕ್ಕೆ ಲಕ್ಕಮ್ಮನ ಬಳಿ ಉತ್ತರವಿತ್ತು. ಬೇರೆಯವರು ಇನ್ನೂ ಹುಡುಕುತ್ತಿದ್ದಾರೆ.

ಅಧಿಕಾರ ಶುರುವಾಗುವುದೂ ಒಂದು ಆಣೆಯಿಂದಲೇ. ಸಂವಿಧಾನದ ಮೂರನೇ ಅನುಸೂಚಿ ಎರಡು ದಾರಿ ಕೊಡುತ್ತದೆ: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಣ. ಕರ್ನಾಟಕದ ಪ್ರಮಾಣವಚನ ಸಮಾರಂಭಗಳಲ್ಲಿ ಗೋಮಾತೆ, ರೈತರು, ಮಠದ ಗುರುಗಳ ಹೆಸರುಗಳೂ ಕೇಳಿಬಂದಿವೆ. ಕೇರಳದಲ್ಲಿ ಶ್ರೀನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದ ಶಾಸಕರೊಬ್ಬರ ಪ್ರಮಾಣ ಸಿಂಧುವಲ್ಲ ಎಂದು ಹೈಕೋರ್ಟ್ ಹೇಳಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದೂ ಉಂಟು. ಗಮನಿಸಬೇಕಾದದ್ದು, ದೇವರನ್ನು ಕರೆದವರಿಗೂ ಕರೆಯದವರಿಗೂ ಕಾನೂನು ಒಂದೇ ತೂಕ ಕೊಟ್ಟಿದೆ. ಭಯ, ಪಕ್ಷಪಾತ, ರಾಗದ್ವೇಷಗಳಿಲ್ಲದೆ ನಡೆದುಕೊಂಡರೇ ಎಂಬುದನ್ನು ತೀರ್ಮಾನಿಸುವಾಗ ಯಾರ ಹೆಸರು ಹೇಳಿದ್ದರು ಎಂಬುದು ಪ್ರಶ್ನೆಯೇ ಅಲ್ಲ.

ಹಾಗೆಂದು ಮನುಷ್ಯರು ಕಟ್ಟಿದ ಲೆಕ್ಕದ ಮನೆಗಳು ಗಟ್ಟಿಯಾಗಿಯೇ ಇವೆಯೆಂದಲ್ಲ. 1984ರ ಕಾಯ್ದೆಯಿಂದ ಬಂದ ಕರ್ನಾಟಕ ಲೋಕಾಯುಕ್ತ, ಎನ್. ವೆಂಕಟಾಚಲ ಅವರ ಕಾಲದಲ್ಲಿ (2001–2006) ಮನೆಮಾತಾಯಿತು, ಸಂತೋಷ್ ಹೆಗ್ಡೆ ಅವರ ಕಾಲದಲ್ಲಿ ಸರ್ಕಾರವನ್ನೇ ಅಲುಗಿಸಿತು. 2015ರಲ್ಲಿ ಅದೇ ಸಂಸ್ಥೆಯೊಳಗೆ ಸುಲಿಗೆ ನಡೆದ ಆರೋಪದಲ್ಲಿ ಲೋಕಾಯುಕ್ತರ ಮಗನ ಬಂಧನವಾಗಿ, ಆ ವರ್ಷದ ಕೊನೆಗೆ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರ ಮಾರ್ಚಿನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವರ್ಗಾಯಿಸಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಮಧ್ಯದ ಆರು ವರ್ಷ ತನಿಖೆಯ ಅಧಿಕಾರ ಮುಖ್ಯಮಂತ್ರಿಯ ಕೈಕೆಳಗಿನ ದಳದಲ್ಲಿತ್ತು. ಶುದ್ಧ ವ್ಯಕ್ತಿಯೊಬ್ಬರ ಮನಸ್ಸಾಕ್ಷಿಯ ಮೇಲೆ ನಿಂತ ಸಂಸ್ಥೆ ಆ ವ್ಯಕ್ತಿ ಹೋದ ಮೇಲೆ ಹೇಗಾಗಬಹುದು ಎಂಬುದಕ್ಕೆ ಈ ಇತಿಹಾಸ ಸಾಕ್ಷಿ. ವೆಂಕಟಾಚಲ, ಹೆಗ್ಡೆ ಅವರನ್ನು ಕೊಂಡಾಡುವ ಉತ್ಸಾಹದಲ್ಲಿ ಜನ ಇದನ್ನು ಮರೆತದ್ದುಂಟು.

ಮೊಬೈಲಿನ ಪಾತ್ರವನ್ನು ಈ ಹಿನ್ನೆಲೆಯಲ್ಲಿ ಅಳೆಯಬಹುದು. ಗುತ್ತಿಗೆದಾರರ ಸಂಘ ಎತ್ತಿದ ‘40 ಪರ್ಸೆಂಟ್’ ಕಮಿಷನ್ ಆರೋಪ 2022ರಲ್ಲಿ ಊರೂರಿನ ಮಾತಾದದ್ದೂ, ಆ ಸೆಪ್ಟೆಂಬರಿನ ‘ಪೇಸಿಎಂ’ ಪೋಸ್ಟರುಗಳು ಗೋಡೆಗಿಂತ ಹೆಚ್ಚು ಫೋನುಗಳಲ್ಲಿ ಅಂಟಿಕೊಂಡದ್ದೂ ಅದರ ಬಲವನ್ನು ತೋರಿಸುತ್ತವೆ. ಲಂಚ ಎಣಿಸುವ ಕೈಯ ವಿಡಿಯೋ ಸಂಜೆಯೊಳಗೆ ತಾಲ್ಲೂಕು ಸುತ್ತುತ್ತದೆ. ಆದರೆ ಅಲ್ಲಿ ಆರೋಪ ಮಾಡಲು ಯಾವ ಖರ್ಚೂ ಇಲ್ಲ. ಸ್ಮೃತಿಕಾರರು ದೊಡ್ಡ ಆರೋಪಗಳಲ್ಲಿ ದಿವ್ಯಕ್ಕೆ ಒಪ್ಪುವ ಮುನ್ನ, ಎದುರಾಳಿ ಗೆದ್ದರೆ ದಂಡ ತೆರಲು ಸಿದ್ಧವೇ ಎಂದು ಆರೋಪ ಹೊರಿಸಿದವನನ್ನು ಕೇಳುತ್ತಿದ್ದರು. ರಾಜದ್ರೋಹದಂಥ ಕೆಲವು ವಿಷಯಗಳಿಗೆ ಮಾತ್ರ ವಿನಾಯಿತಿ. ಫಾರ್ವರ್ಡ್ ಮಾಡುವವರಿಗೆ ಅಂಥ ಪ್ರಶ್ನೆ ಎದುರಾಗುವುದಿಲ್ಲ. ಹೀಗಾಗಿ ನಿಜವಾದ ದೂರೂ ಜಾತಿ, ಪಕ್ಷಗಳ ಸಿಟ್ಟಿನಿಂದ ಹುಟ್ಟಿದ ಸುಳ್ಳೂ ಒಂದೇ ವೇಗದಲ್ಲಿ ಓಡುತ್ತವೆ. ಆರೋಪಿತರಿಗೆ ‘ಎಲ್ಲವೂ ರಾಜಕೀಯ’ ಎಂದು ಎರಡನ್ನೂ ಒಟ್ಟಿಗೆ ತಳ್ಳಿಹಾಕಲು ಸುಲಭವಾಗುತ್ತದೆ. ಆಣೆಯ ಸವಾಲು ಹುಟ್ಟುವುದು ಈ ಹಂತದಲ್ಲಿ: ಕಡತ ಯಾರ ಕೈಯಲ್ಲೂ ಇಲ್ಲದಾಗ, ಗದ್ದಲ ಮಾತ್ರ ಇದ್ದಾಗ.

ಕಡತ ಕೈಗೆ ಬರುವ ದಾರಿ ಇಲ್ಲದಿಲ್ಲ. ಕರ್ನಾಟಕ ಪಂಚಾಯತ್ ರಾಜ್ ಜಮಾಬಂದಿ ನಿಯಮಗಳ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ, ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದಿಡಬೇಕು. ನಡೆದ ಕಾಮಗಾರಿಯನ್ನು ಸ್ಥಳಕ್ಕೇ ಹೋಗಿ ನೋಡಬೇಕು. ಉದ್ಯೋಗ ಖಾತ್ರಿ ಕೆಲಸಗಳಿಗೆ ಸಾಮಾಜಿಕ ಲೆಕ್ಕಪರಿಶೋಧನೆಯನ್ನು 2005ರ ಕಾಯ್ದೆಯೇ ಕಡ್ಡಾಯ ಮಾಡಿತ್ತು. ಜಮಾಬಂದಿಯ ದಿನ ಚರಂಡಿಯ ಉದ್ದವನ್ನು ಟೇಪು ಹಿಡಿದು ಅಳೆಯಬಹುದು, ಬಿಲ್ಲಿನಲ್ಲಿ ಬರೆದ ಮೀಟರುಗಳೊಂದಿಗೆ ಹೋಲಿಸಬಹುದು. ಅದರ ಮಿತಿಯೂ ಸ್ಪಷ್ಟ: ಪಂಚಾಯಿತಿಯ ಹಣವನ್ನು ಮಾತ್ರ ಅದು ಮುಟ್ಟುತ್ತದೆ. ದಾಬಸ್‌ಪೇಟೆಯಂಥ ಊರಿನ ದೊಡ್ಡ ಹಣ ಹರಿಯುವ ಭೂಸ್ವಾಧೀನ, ಕೈಗಾರಿಕಾ ನಿವೇಶನ, ಹೆದ್ದಾರಿಗಳ ತೀರ್ಮಾನ ಬೆಂಗಳೂರು, ದೆಹಲಿಗಳಲ್ಲಿ ಆಗುತ್ತದೆ. ಅವುಗಳ ಬಗ್ಗೆ ಊರಿನವರಿಗೆ ಉಳಿಯುವುದು ಮೂವತ್ತು ದಿನಗಳಲ್ಲಿ ಉತ್ತರ ಬರಬೇಕಾದ ಮಾಹಿತಿ ಹಕ್ಕಿನ ಅರ್ಜಿ, ಮತ್ತು ಮಹಾಲೇಖಪಾಲರು ಸಿದ್ಧಪಡಿಸಿ ಶಾಸನಸಭೆ, ಸಂಸತ್ತುಗಳಲ್ಲಿ ಮಂಡನೆಯಾಗುವ ವರದಿಗಳು. ಆ ವರದಿಗಳನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಕುಳಿತುಕೊಳ್ಳುವವರು ಜನ ಆರಿಸಿ ಕಳಿಸಿದ ಪ್ರತಿನಿಧಿಗಳೇ.